ಬೆನ್ನಿಗೆ ಯಾವ ರೋ? ರಾಡ್, ಕೇಬಲ್, ಬೆಂಚು ಮೂರನ್ನೂ ಎಳೆದು ನೋಡಿದ ಮೇಲೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ರೋ ಅಂದರೆ ತೂಕವನ್ನು ಮೈಯ ಕಡೆಗೆ ಎಳೆದುಕೊಳ್ಳುವ ವ್ಯಾಯಾಮ. ಬೆನ್ನಿಗೆಂದು ಒಂದೇ ಒಂದು ರೋ ಇಟ್ಟುಕೊಳ್ಳುವುದಾದರೆ, ಇಳಿಜಾರು ಬೆಂಚಿನ ಮೇಲೆ ಎದೆ ಒರಗಿಸಿ ಎರಡೂ ಕೈಯಲ್ಲಿ ಡಂಬಲ್ ಹಿಡಿದು ಎಳೆಯುವುದನ್ನೇ ಇಟ್ಟುಕೊಳ್ಳಿ. ಜಿಮ್‌ನಲ್ಲಿ ಇದಕ್ಕೆ ಚೆಸ್ಟ್ ಸಪೋರ್ಟೆಡ್ ರೋ ಅನ್ನುತ್ತಾರೆ. ಬಗ್ಗಿ ನಿಂತು ರಾಡ್ ಎಳೆಯುವ ಬಾರ್ಬೆಲ್ ರೋ, ಕೂತು ಎಳೆಯುವ ಕೇಬಲ್ ರೋ, ಎರಡನ್ನೂ ತಿಂಗಳುಗಟ್ಟಲೆ ಮಾಡಿ, ಪ್ರತಿ ಸೆಟ್ಟಿನ (ಬಿಡುವಿಲ್ಲದೆ ಮಾಡುವ ಒಂದು ಸುತ್ತಿನ) ತೂಕ ಡೈರಿಯಲ್ಲಿ ಬರೆದಿಟ್ಟು, ಆಮೇಲೆ ಹೇಳುತ್ತಿರುವ ಮಾತು ಇದು. ಕೊನೆಗೆ ಕೈಯಿಂದ ದುಡ್ಡು ಹಾಕಿ ಮನೆಗೇ ಒಂದು ಬೆಂಚು ತಂದಿದ್ದೇನೆ. ಜಿಮ್ ಸಾಮಾನಿಗೆ ನಾನು ಖರ್ಚು ಮಾಡಿದ್ದರಲ್ಲಿ ಅದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಆದರೆ ಅದರಲ್ಲೂ ಒಂದು ಕಿರಿಕಿರಿ ಇದೆ, ಅದನ್ನು ಕೊಳ್ಳುವ ಮೊದಲು ಯಾರೂ ಹೇಳುವುದಿಲ್ಲ. ಅದರ ಬಗ್ಗೆ ಮುಂದೆ ವಿವರವಾಗಿಯೇ ಬರೆಯುತ್ತೇನೆ.

ನನ್ನ ದಿನಚರಿ ಹೇಳದೆ ಈ ತೀರ್ಪಿಗೆ ಅರ್ಥವಿಲ್ಲ. ಮೈಸೂರಿನಲ್ಲಿ ಲೆಕ್ಕಪತ್ರದ ಕೆಲಸ, ಬೆಳಗ್ಗೆಯಿಂದ ಸಂಜೆಯವರೆಗೆ ಕುರ್ಚಿ. ಜಿಮ್ ಮೆಟ್ಟಿಲು ಹತ್ತುವುದು ರಾತ್ರಿ ಎಂಟರ ಮೇಲೆ. ಆ ಹೊತ್ತಿಗೆ ಸೊಂಟ ಆಗಲೇ ಬಿಗಿದುಕೊಂಡಿರುತ್ತದೆ, ಕೈಯಲ್ಲಿ ಇರುವುದು ಒಂದು ಗಂಟೆ. ಬೆಳಗ್ಗೆ ಐದೂವರೆಗೆ ಬಂದು ಎರಡು ಗಂಟೆ ನಿಧಾನವಾಗಿ ಮಾಡುವ ಇಪ್ಪತ್ತರ ಹುಡುಗರಿಗೆ ಬೇರೆಯೇ ಉತ್ತರ ಸರಿಹೋಗಬಹುದು.

ಮೂರಕ್ಕೂ ಅನ್ವಯಿಸುವ ಒಂದು ವಿಷಯ ಮೊದಲು. ನಮ್ಮ ಜಿಮ್‌ಗಳಲ್ಲಿ ‘ವಿಂಗ್ಸ್’ ಅಂತ ಕರೆಯುವ ಲ್ಯಾಟ್ಸ್ ಸ್ನಾಯು ಬೆನ್ನೆಲುಬಿನ ಕೆಳ ಅರ್ಧ, ಸೊಂಟದ ಮೂಳೆಯ ಅಂಚು, ಕೆಳಗಿನ ಪಕ್ಕೆಲುಬುಗಳಿಂದ ಹೊರಟು ಕಂಕುಳಿನ ಮೂಲಕ ಹಾದು ಮೇಲ್ತೋಳಿನ ಮೂಳೆಗೆ ಅಂಟಿಕೊಳ್ಳುತ್ತದೆ. ಮುಂಗೈಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಕೈಯನ್ನು ಎಳೆಯಬೇಡಿ, ಮೊಣಕೈಯನ್ನು ಎಳೆಯಿರಿ. ಅಂಗೈ ಬರೀ ಒಂದು ಕೊಕ್ಕೆ ಇದ್ದಂತೆ. ಮೊಣಕೈ ಪಕ್ಕೆಗೆ ಹತ್ತಿರವಾಗಿ ಸೊಂಟದ ಕಡೆಗೆ ಹೋದರೆ ಕೆಲಸ ಲ್ಯಾಟ್ಸ್‌ಗೆ. ಮೊಣಕೈ ಮೈಯಿಂದ 60–70 ಡಿಗ್ರಿ ದೂರ ಸರಿದು ಎದೆಯ ಮಟ್ಟಕ್ಕೆ ಬಂದರೆ ಕೆಲಸ ಬೆನ್ನಿನ ಮೇಲ್ಭಾಗಕ್ಕೆ, ಅಂದರೆ ಕತ್ತಿನಿಂದ ಬೆನ್ನಿನ ನಡುವಿನವರೆಗೆ ಹರಡಿದ ಟ್ರಪೀಜಿಯಸ್ ಸ್ನಾಯುವಿನ ನಡುಭಾಗ, ಅದರಡಿಯ ರಾಂಬಾಯ್ಡ್, ಭುಜದ ಹಿಂಭಾಗ ಇವಿಷ್ಟಕ್ಕೆ. ಒಂದೇ ಉಪಕರಣ, ಒಂದೇ ತೂಕ. ಮೊಣಕೈಯ ದಾರಿ ಬದಲಾದರೆ ವ್ಯಾಯಾಮವೇ ಬದಲಾಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ‘ಹೆಗಲು ಹಿಂದಕ್ಕೆ ಕಟ್ಟಿ ಹಿಡಿ, ಸೆಟ್ ಮುಗಿಯುವವರೆಗೂ ಬಿಡಬೇಡ’ ಎಂದು ಅನೇಕ ಟ್ರೈನರ್‌ಗಳು ಹೇಳಿಕೊಡುತ್ತಾರೆ. ರೋ ಮಾಡುವಾಗ ನಾನು ಇದನ್ನು ಒಪ್ಪುವುದಿಲ್ಲ. ರಾಂಬಾಯ್ಡ್, ನಡು ಟ್ರಪೀಜಿಯಸ್ ಇರುವುದೇ ಹೆಗಲ ಹಲಗೆಗಳನ್ನು ಬೆನ್ನೆಲುಬಿನ ಕಡೆಗೆ ಸರಿಸಲಿಕ್ಕೆ. ಆ ಹಲಗೆಗಳನ್ನು ಅಲ್ಲಾಡದಂತೆ ಹಿಡಿದಿಟ್ಟರೆ ಆ ಸ್ನಾಯುಗಳು ಅರ್ಧ ಕೆಲಸವನ್ನಷ್ಟೇ ಮಾಡುತ್ತವೆ. ಕೈ ಕೆಳಗೆ ಹೋದಾಗ ಹೆಗಲೂ ಮುಂದಕ್ಕೆ ಹೋಗಲಿ, ಬೆನ್ನು ಅಗಲವಾಗಿ ಎಳೆದ ಅನುಭವ ಬರಲಿ. ಮೇಲೆ ಬರುವಾಗ ಹಲಗೆಗಳು ಒಂದಕ್ಕೊಂದು ಹತ್ತಿರವಾಗಲಿ. ಕೆಳಗಿಳಿಸುವಾಗ ಎರಡು ಸೆಕೆಂಡಾದರೂ ತೆಗೆದುಕೊಳ್ಳಿ. ಕೆಳಗಿನ ಆ ಪೂರ್ತಿ ಹಿಗ್ಗುವಿಕೆ ಬೆನ್ನಿಗೆ ಬಹಳ ಮುಖ್ಯ, ಮತ್ತು ನನ್ನ ಬೆಂಚಿನ ಕಿರಿಕಿರಿ ಇರುವುದೂ ಅಲ್ಲಿಯೇ.

ಈಗ ರಾಡ್. ಬಾರ್ಬೆಲ್ ರೋ ಬಗ್ಗೆ ನನಗೆ ಗೌರವವಿದೆ. ಒಂದು ರಾಡು, ನಾಲ್ಕು ಪ್ಲೇಟು ಇದ್ದರೆ ಸಾಕು, ಯಾವ ಊರಿನ ಯಾವ ಸಣ್ಣ ಜಿಮ್‌ನಲ್ಲಾದರೂ ಆಗುತ್ತದೆ. ಲ್ಯಾಟ್ಸ್, ಮೇಲ್ಬೆನ್ನು, ಸೊಂಟ, ತೊಡೆಯ ಹಿಂಭಾಗ, ಹಿಡಿತ ಎಲ್ಲವೂ ಒಟ್ಟಿಗೆ ದುಡಿಯುತ್ತವೆ. ವಿಧಾನ ಹೀಗೆ: ಕಾಲು ಸೊಂಟದಗಲ, ಮಂಡಿ ತುಸು ಸಡಿಲ, ಪೃಷ್ಠ ಹಿಂದಕ್ಕೆ ತಳ್ಳಿ ಸೊಂಟದ ಕೀಲಿನಿಂದ ಬಗ್ಗಬೇಕು, ಬೆನ್ನೆಲುಬಿನಿಂದ ಅಲ್ಲ. ಮುಂಡ ನೆಲಕ್ಕೆ ಸಮಾನಾಂತರಕ್ಕಿಂತ ಸ್ವಲ್ಪವೇ ಮೇಲಿರಲಿ. ಹೊಟ್ಟೆ ಬಿಗಿ ಹಿಡಿದು ರಾಡನ್ನು ಹೊಕ್ಕುಳಿಗೂ ಕೆಳಪಕ್ಕೆಗೂ ನಡುವೆ ತಾಗಿಸಬೇಕು. ಕತ್ತು ಬೆನ್ನಿನ ನೇರಕ್ಕೆ, ಕಣ್ಣು ಎರಡು ಹೆಜ್ಜೆ ಮುಂದಿನ ನೆಲದ ಮೇಲೆ. ಕನ್ನಡಿ ನೋಡಲು ತಲೆ ಎತ್ತಿದರೆ ಇಡೀ ಬೆನ್ನಿನ ಸಾಲು ಮುರಿಯುತ್ತದೆ.

ತೊಂದರೆ ಬರುವುದು ತೂಕ ಏರಿದಾಗ. 60 ಕಿಲೊ ದಾಟಿದ ಮೇಲೆ ನನ್ನಲ್ಲಿ ಮೊದಲು ಸೋಲುತ್ತಿದ್ದುದು ಸೊಂಟ. ಎಂಟನೆಯ ರೆಪ್‌ಗೆ, ಅಂದರೆ ಎಂಟನೆಯ ಎಳೆತಕ್ಕೆ, ಲ್ಯಾಟ್ಸ್‌ನಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ, ಆದರೆ ಬಗ್ಗಿ ನಿಂತಿರುವ ಸೊಂಟ ‘ಸಾಕು’ ಎನ್ನುತ್ತದೆ. ಆಗ ಗೊತ್ತಿಲ್ಲದೆಯೇ ಮುಂಡ ಮೇಲೇಳುತ್ತದೆ, ಮಂಡಿ ಜರ್ಕ್ ಕೊಡುತ್ತದೆ, ರೋ ಹೋಗಿ ಅರೆನಿಂತ ಶ್ರಗ್ (ಹೆಗಲನ್ನಷ್ಟೇ ಮೇಲೆತ್ತುವುದು) ಆಗುತ್ತದೆ. ಡೈರಿಯಲ್ಲಿ ತೂಕ ಏರುತ್ತಾ ಹೋಗುತ್ತದೆ, ಬೆನ್ನಿನ ಮೇಲ್ಭಾಗಕ್ಕೆ ಸಿಗುವ ಕೆಲಸ ಏರುವುದಿಲ್ಲ. ಇದಕ್ಕೆ ಅಳತೆಯ ಆಧಾರವೂ ಇದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನೆಲುಬಿನ ಮೇಲೆ ದಶಕಗಳ ಕಾಲ ಕೆಲಸ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಜೊತೆಗಾರರು 2009ರಲ್ಲಿ ಮೂರು ಬಗೆಯ ರೋಗಳನ್ನು ಹೋಲಿಸಿದರು: ಬಗ್ಗಿ ನಿಂತು ಎಳೆಯುವ ಬಾರ್ಬೆಲ್ ರೋ, ನಿಂತು ಒಂದು ಕೈಯಲ್ಲಿ ಎಳೆಯುವ ಕೇಬಲ್ ರೋ, ರಾಡಿನ ಕೆಳಗೆ ತೂಗಿಕೊಂಡು ಮೈಯನ್ನೇ ಮೇಲೆಳೆಯುವ ಇನ್ವರ್ಟೆಡ್ ರೋ. ಕೆಳಬೆನ್ನಿನ ಮೇಲೆ ಅತಿ ಹೆಚ್ಚು ಹೊರೆ ಬಿದ್ದದ್ದು ಬಗ್ಗಿ ಎಳೆಯುವ ಬಾರ್ಬೆಲ್ ರೋನಲ್ಲಿ. ಇನ್ವರ್ಟೆಡ್ ರೋ ಮೇಲ್ಬೆನ್ನನ್ನೂ ಲ್ಯಾಟ್ಸನ್ನೂ ಚೆನ್ನಾಗಿ ದುಡಿಸಿ, ಕೆಳಬೆನ್ನಿಗೆ ಅತಿ ಕಡಿಮೆ ಹೊರೆ ಹಾಕಿತು. ಹೊರೆ ಬಿದ್ದರೆ ಬೆನ್ನು ಕೆಡುತ್ತದೆ ಎಂದಲ್ಲ. ತರಬೇತಾದ ಸೊಂಟ ಅದನ್ನು ಹೊರುತ್ತದೆ, ಹೊತ್ತು ಬಲಿಷ್ಠವೂ ಆಗುತ್ತದೆ. ಆದರೆ ಅದೇ ವಾರ ನೆಲದ ಮೇಲಿನ ರಾಡನ್ನು ಎತ್ತಿ ನಿಲ್ಲುವ ಡೆಡ್‌ಲಿಫ್ಟ್, ರಾಡು ಹೊತ್ತು ಕೂತೇಳುವ ಸ್ಕ್ವಾಟ್ ಎರಡೂ ಇದ್ದು, ದಿನವಿಡೀ ಕುರ್ಚಿಯೂ ಇದ್ದರೆ, ಆ ಸೊಂಟಕ್ಕೆ ಮೂರನೆಯ ಭಾರ ಯಾಕೆ ಎಂಬುದು ನನ್ನ ಪ್ರಶ್ನೆ.

ರಾಡ್ ಬಿಡಲು ಮನಸ್ಸಿಲ್ಲದವರಿಗೆ ಅಮೆರಿಕದ ವೇಟ್‌ಲಿಫ್ಟಿಂಗ್ ಕೋಚ್ ಗ್ಲೆನ್ ಪೆಂಡ್ಲೆ ಹೆಸರಿನಲ್ಲಿ ಹರಡಿದ ಪೆಂಡ್ಲೆ ರೋ ಒಳ್ಳೆಯ ದಾರಿ. ಪ್ರತಿ ರೆಪ್ ಮುಗಿದಾಗ ರಾಡು ನೆಲಕ್ಕೆ ಕೂರುತ್ತದೆ, ಸೊಂಟಕ್ಕೆ ಕ್ಷಣಕಾಲ ಬಿಡುವು ಸಿಗುತ್ತದೆ, ಜರ್ಕ್ ಹೊಡೆಯುವ ಆಸೆಯೂ ಕಡಿಮೆಯಾಗುತ್ತದೆ. ಆದರೆ ರಾಡು ಮಂಡಿಗೂ ಪಾದಕ್ಕೂ ನಡುಮಟ್ಟಕ್ಕೆ ಕೂರಬೇಕಾದರೆ 45 ಸೆಂ.ಮೀ. ಅಗಲದ ದೊಡ್ಡ ಪ್ಲೇಟು ಬೇಕು. ಸಣ್ಣ ಜಿಮ್‌ಗಳ 10 ಕಿಲೊ ಪ್ಲೇಟು ಗಿಡ್ಡ, ರಾಡು ಇನ್ನೂ ಕೆಳಗಿಳಿದು ಬೆನ್ನು ಗೂನಾಗುತ್ತದೆ. ಪ್ಲೇಟಿನಡಿ ಮರದ ತುಂಡು ಇಟ್ಟರೆ ಸರಿಹೋಗುತ್ತದೆ.

ಅಂಗೈ ಮೇಲ್ಮುಖವಾಗಿ ಹಿಡಿದು, ಮುಂಡ ಹೆಚ್ಚು ನೆಟ್ಟಗೆ ಇಟ್ಟು ಎಳೆಯುವ ಯೇಟ್ಸ್ ರೋ ಬಗ್ಗೆ ಒಂದು ಎಚ್ಚರಿಕೆ. 1992ರಿಂದ 1997ರವರೆಗೆ ಸತತ ಆರು ಬಾರಿ ಮಿಸ್ಟರ್ ಒಲಿಂಪಿಯಾ ದೇಹದಾರ್ಢ್ಯ ಸ್ಪರ್ಧೆ ಗೆದ್ದ ಇಂಗ್ಲೆಂಡಿನ ಡೋರಿಯನ್ ಯೇಟ್ಸ್ ಹೆಸರು ಅದಕ್ಕೆ ಬಂದದ್ದು. ಅದೇ ಮೇಲ್ಮುಖ ಹಿಡಿತದಲ್ಲಿ ಭಾರೀ ರೋ ಮಾಡುವಾಗಲೇ 1994ರಲ್ಲಿ ಅವರ ಎಡ ಬೈಸೆಪ್ಸ್ ಹರಿಯಿತು. ಆ ಹಿಡಿತ ಬೇಕಿದ್ದರೆ ಹಗುರ ತೂಕದಲ್ಲಿ ಮಾಡಿ, ಜರ್ಕ್ ಮಾತ್ರ ಬೇಡವೇ ಬೇಡ.

ಕೇಬಲ್ ರೋ ನನ್ನ ಎರಡನೆಯ ಆಯ್ಕೆ. ಎಳೆತ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇರುತ್ತದೆ, ಕೈ ಮುಂದೆ ಚಾಚಿದಾಗಲೂ ಬೆನ್ನಿನ ಮೇಲೆ ಭಾರ ಬಿಡುವುದಿಲ್ಲ. ಡಂಬಲ್ಲಿಗೆ ಈ ಗುಣವಿಲ್ಲ. ಹಿಡಿ ಬದಲಾಯಿಸಿದರೆ ಮೊಣಕೈಯ ದಾರಿಯೂ ಬದಲಾಗುತ್ತದೆ: ಕಿರಿದಾದ ‘ವಿ’ ಆಕಾರದ ಹಿಡಿ ಲ್ಯಾಟ್ಸ್‌ಗೆ, ಅಗಲವಾದದ್ದು ಮೇಲ್ಬೆನ್ನಿಗೆ. ಮೊದಲು ತೂಗಾಡುವುದನ್ನು ನಿಲ್ಲಿಸಬೇಕು. ದೋಣಿ ಹುಟ್ಟು ಹಾಕುವವರ ಹಾಗೆ ಮುಂಡ ಹಿಂದೆ ಮುಂದೆ ಆಡಿದರೆ ಅರ್ಧ ಎಳೆತ ಸೊಂಟದ್ದು. ಐದು ಹತ್ತು ಡಿಗ್ರಿ ಅಲುಗಾಟ ಸಹಜ, ಅದಕ್ಕಿಂತ ಹೆಚ್ಚಾದರೆ ತೂಕ ಇಳಿಸಿ. ನಮ್ಮ ಜಿಮ್‌ನಲ್ಲಿರುವುದು ಒಂದೇ ಕೇಬಲ್ ಯಂತ್ರ. ರಾತ್ರಿ ಎಂಟೂವರೆಗೆ ಅದರ ಮುಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಯಂತ್ರದ ಮೇಲಿನ ಅಂಕಿಯನ್ನು ನಂಬಿ ಇನ್ನೊಂದು ಜಿಮ್‌ಗೆ ಹೋಗಲೂ ಆಗದು. ಗಾಲಿಗಳ ಜೋಡಣೆ ಬೇರೆಯಾದರೆ ಒಂದು ಕಡೆಯ 50 ಇನ್ನೊಂದು ಕಡೆ ಅರ್ಧದಷ್ಟೇ ಭಾರವಾಗಿರಬಹುದು.

ಒಂದು ಕೈ ಡಂಬಲ್ ರೋ ಒಳ್ಳೆಯದೇ, ಆದರೆ ಎರಡರಷ್ಟು ಸಮಯ ತಿನ್ನುತ್ತದೆ, ತೂಕ ಏರಿದಂತೆ ಮುಂಡ ತಿರುಚುತ್ತದೆ. ಒಂದು ತುದಿ ನೆಲಕ್ಕೆ ಊರಿದ ರಾಡನ್ನು ಎಳೆಯುವ ಟಿ ಬಾರ್ ರೋಗೆ ಎದೆಯ ಒರಗು ಇದ್ದರೆ ಕಣ್ಣು ಮುಚ್ಚಿಕೊಂಡು ಮಾಡಿ.

ಬೆಂಚಿಗೆ ಬರುತ್ತೇನೆ. ಬೆಂಚಿನ ಒರಗು ಹಲಗೆಯನ್ನು 30ರಿಂದ 45 ಡಿಗ್ರಿಗೆ ಏರಿಸಿ, ಅದರ ಮೇಲಂಚಿಗೆ ಎದೆಮೂಳೆಯ ಮೇಲ್ಭಾಗ ಬರುವಂತೆ ಬೋರಲಾಗಿ ಒರಗಬೇಕು. ಗದ್ದ ಹಲಗೆಯ ಆಚೆಗಿರಲಿ, ಇಲ್ಲದಿದ್ದರೆ ಪ್ರತಿ ರೆಪ್‌ಗೂ ಕತ್ತು ಹಿಂದಕ್ಕೆ ಬಾಗುತ್ತದೆ. ಕಾಲ್ಬೆರಳು ನೆಲಕ್ಕೆ ಊರಿ, ಮಂಡಿ ಸ್ವಲ್ಪ ಬಾಗಿಸಿ, ಪೃಷ್ಠ ಬಿಗಿ ಹಿಡಿದರೆ ಮೈ ಜಾರುವುದಿಲ್ಲ. ಎದೆ ಹಲಗೆಯಿಂದ ಎದ್ದರೆ ತೂಕ ಹೆಚ್ಚಾಯಿತು ಎಂದರ್ಥ, ಅದಕ್ಕೆ ಬೇರೆ ಪರೀಕ್ಷೆ ಬೇಡ. ಈ ಒಂದು ಗುಣಕ್ಕಾಗಿಯೇ ನಾನು ಈ ವ್ಯಾಯಾಮವನ್ನು ಇಷ್ಟು ಮೆಚ್ಚುವುದು. ರಾಡ್ ರೋನಲ್ಲಿ ಮುಂಡ ಎಷ್ಟು ಎದ್ದಿತು ಎಂದು ತಿಳಿಯಲು ಪಕ್ಕದಲ್ಲಿ ಯಾರಾದರೂ ವಿಡಿಯೋ ಮಾಡಬೇಕು. ಇಲ್ಲಿ ಎದೆಗೇ ಗೊತ್ತಾಗುತ್ತದೆ.

ಸೊಂಟಕ್ಕೆ ಏನೂ ಕೆಲಸವಿಲ್ಲದ ಕಾರಣ ಸೆಟ್ ಮುಗಿಯುವುದು ಬೆನ್ನು ಸೋತಾಗಲೇ. ಕೊನೆಯ ಎರಡು ರೆಪ್‌ಗೆ ಹೆಗಲ ಹಲಗೆಗಳ ನಡುವೆ ಉರಿ ಹತ್ತಿಕೊಳ್ಳುತ್ತದೆ. ರಾಡ್‌ನಲ್ಲಿ ನನಗೆ ಆ ಜಾಗ ಅಷ್ಟು ಸ್ಪಷ್ಟವಾಗಿ ಸಿಕ್ಕದ್ದೇ ಅಪರೂಪ. ಉಸಿರಾಟ ಮಾತ್ರ ಅಭ್ಯಾಸವಾಗಬೇಕು. ಎದೆ ಒತ್ತಿರುವುದರಿಂದ ದೀರ್ಘ ಉಸಿರು ಕಷ್ಟ. ಕೈ ಕೆಳಗಿರುವಾಗ ಎಳೆದುಕೊಂಡು, ಮೇಲೆತ್ತುವಾಗ ಬಿಡಿ. ಪಕ್ಕೆಲುಬಿಗೆ ಅಥವಾ ಎದೆಗೆ ಒತ್ತಿ ನೋಯುವವರು ಟವೆಲ್ ಮಡಚಿ ಹಾಸಿಕೊಳ್ಳಬಹುದು.

ತೂಕದ ಅಂಕಿ ಮಾತ್ರ ಇಳಿಯುತ್ತದೆ, ಇದಕ್ಕೆ ಮನಸ್ಸು ಸಿದ್ಧವಾಗಿರಲಿ. ರಾಡಿನಲ್ಲಿ 60 ಎಳೆಯುತ್ತಿದ್ದ ನಾನು ಇಲ್ಲಿ ಒಂದೊಂದು ಕೈಗೆ 15 ಕಿಲೊದಿಂದ ಶುರು ಮಾಡಿದೆ. ಈಗ 20ಕ್ಕೆ ಬಂದಿದ್ದೇನೆ. 8ರಿಂದ 12 ರೆಪ್‌ನ ಮೂರು ನಾಲ್ಕು ಸೆಟ್, ಎಲ್ಲಾ ಸೆಟ್ಟಿನಲ್ಲೂ 12 ಮುಟ್ಟಿದ ಮೇಲೆಯೇ ಮುಂದಿನ ತೂಕ. ಜಿಮ್‌ನ ಡಂಬಲ್ 2.5 ಕಿಲೊ ಅಂತರದಲ್ಲಿ ಏರುತ್ತವೆ, ಎರಡೂ ಕೈ ಸೇರಿದರೆ ಒಮ್ಮೆಗೇ 5 ಕಿಲೊ ಜಿಗಿತ. ಅದು ದೊಡ್ಡ ಹೆಜ್ಜೆ, ಹಾಗಾಗಿ ಒಂದೇ ತೂಕದಲ್ಲಿ ವಾರಗಟ್ಟಲೆ ನಿಂತರೆ ಬೇಸರ ಬೇಡ.

ಇನ್ನು ಆ ಕಿರಿಕಿರಿ.

ಜಿಮ್‌ನಲ್ಲಿ ಇರುವ ಏರಿಳಿಸುವ ಬೆಂಚುಗಳೆಲ್ಲ ಸಂಜೆ ಹೊತ್ತು ಚೆಸ್ಟ್ ಮಾಡುವವರ ಕೈಯಲ್ಲಿ. ಸೋಮವಾರವಂತೂ ಕೇಳುವುದೇ ಬೇಡ. ಅದಕ್ಕೇ ಮನೆಗೆ ಒಂದು ಬೆಂಚು, ತಿರುಪು ಹಾಕಿ ಪ್ಲೇಟು ಸೇರಿಸುವ ಡಂಬಲ್ ಜೋಡಿ ಎರಡನ್ನೂ ಆನ್‌ಲೈನ್‌ನಲ್ಲಿ ತರಿಸಿದೆ. ಬೆಂಚು ಗಟ್ಟಿ, ಅಲುಗಾಡುವುದಿಲ್ಲ. ಮೊದಲ ಸೆಟ್‌ನಲ್ಲೇ ಡಂಬಲ್ ನೆಲಕ್ಕೆ ಬಡಿಯಿತು. ಕೈ ಇನ್ನೂ ಪೂರ್ತಿ ಚಾಚಿಯೇ ಇಲ್ಲ, ಹೆಗಲು ಮುಂದೆ ಹೋಗಿಯೇ ಇಲ್ಲ, ಅಷ್ಟರಲ್ಲಿ ಟಣ್ ಎಂದು ಟೈಲ್ಸಿಗೆ. ನನಗೆ ಅತಿ ಮುಖ್ಯವಾದ ಆ ಕೆಳಗಿನ ಹಿಗ್ಗುವಿಕೆಯೇ ಕತ್ತರಿಸಿ ಹೋಯಿತು. ಕೆಳಗಿನ ಮನೆಯವರ ನಿದ್ದೆ ಬೇರೆ.

ಟೇಪು ಹಿಡಿದು ಅಳೆದಾಗ ಲೆಕ್ಕ ಅರ್ಥವಾಯಿತು. ಒರಗು ಹಲಗೆ ಮಡಚುವ ಜಾಗ ನೆಲದಿಂದ 40 ಸೆಂ.ಮೀ., ಹಲಗೆಯ ಉದ್ದ 70 ಸೆಂ.ಮೀ. 30 ಡಿಗ್ರಿಗೆ ಏರಿಸಿದರೆ ಹಲಗೆಯ ಮೇಲಂಚು ಅದರರ್ಧದಷ್ಟು, ಅಂದರೆ 35 ಸೆಂ.ಮೀ. ಮೇಲೇಳುತ್ತದೆ. ಒಟ್ಟು 75. ಒರಗಿದಾಗ ಭುಜದ ಕೀಲು ಅದಕ್ಕಿಂತ ಐದಾರು ಸೆಂ.ಮೀ. ಮೇಲೆ. ನನ್ನ ಭುಜದಿಂದ ಮುಷ್ಟಿಯವರೆಗೆ 66 ಸೆಂ.ಮೀ., ಅದಕ್ಕೆ ಡಂಬಲ್ಲಿನ ಅರ್ಧ ಅಗಲ ಸೇರಿಸಿದರೆ ನೆಲ ಬಂದೇ ಬಿಡುತ್ತದೆ. ಹೆಗಲು ಮುಂದೆ ಸರಿಯಲು ಇನ್ನೂ ಐದು ಸೆಂ.ಮೀ. ಬೇಕು, ಅದಕ್ಕೆ ಜಾಗವೇ ಇಲ್ಲ. ಜಿಮ್‌ನ ಬೆಂಚು ಎತ್ತರವಾಗಿಯೂ ಉದ್ದವಾಗಿಯೂ ಇದ್ದುದರಿಂದ ಅಲ್ಲಿ ಈ ಸಮಸ್ಯೆ ಕಂಡೇ ಇರಲಿಲ್ಲ.

45 ಡಿಗ್ರಿಗೆ ಏರಿಸಿದರೆ ಮೇಲಂಚು ಸುಮಾರು 90 ಸೆಂ.ಮೀ.ಗೆ ಹೋಗುತ್ತದೆ, ಡಂಬಲ್ ನೆಲ ಮುಟ್ಟುವುದಿಲ್ಲ. ಆದರೆ ಮುಂಡ ಅಷ್ಟು ನೆಟ್ಟಗಾದಾಗ ಎಳೆತದಲ್ಲಿ ಶ್ರಗ್ ಸೇರಿಕೊಳ್ಳುತ್ತದೆ, ಕತ್ತಿನ ಪಕ್ಕದ ಟ್ರಪೀಜಿಯಸ್ ಮುಂದೆ ಬಂದು ಕೆಲಸ ಕಿತ್ತುಕೊಳ್ಳುತ್ತದೆ. ನನಗೆ ಬೇಕಾದ್ದು 30. ಇದು ಪ್ರತಿಯೊಬ್ಬರಿಗೂ ಒಂದೇ ಅಲ್ಲ. ಮೇಲ್ಬೆನ್ನು ದಪ್ಪವಾಗಬೇಕು ಎನ್ನುವವರಿಗೆ 45 ಚೆನ್ನಾಗಿಯೇ ಹೊಂದಬಹುದು.

ಇದರಲ್ಲಿ ಡಂಬಲ್ಲಿನ ಪಾಲೂ ಇದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಪಿವಿಸಿ ಪ್ಲೇಟಿನ ಒಳಗೆ ತುಂಬಿರುವುದು ಸಿಮೆಂಟಿನಂಥ ಮಿಶ್ರಣ. ಎರಕದ ಕಬ್ಬಿಣ ಕಾಂಕ್ರೀಟಿಗಿಂತ ಸುಮಾರು ಮೂರು ಪಟ್ಟು ಸಾಂದ್ರ. ಅದೇ ತೂಕಕ್ಕೆ ಪಿವಿಸಿ ಪ್ಲೇಟು ಅಷ್ಟು ದಪ್ಪ, ಅಷ್ಟು ಅಗಲ. 20 ಕಿಲೊ ಜೋಡಿಸಿದರೆ ಡಂಬಲ್ ಉದ್ದವಾಗಿ ಎರಡೂ ಕೈಯವು ಬೆಂಚಿನ ಕೆಳಗೆ ಒಂದಕ್ಕೊಂದು ತಾಗುತ್ತವೆ, ಬೆಂಚಿನ ಕಾಲಿಗೂ ತಾಗುತ್ತವೆ. ಮಾರುವವರ ಪುಟದಲ್ಲಿ ತೂಕ ಇತ್ತು, ಬಣ್ಣ ಇತ್ತು, ಪ್ಲೇಟಿನ ವ್ಯಾಸ ಎಲ್ಲೂ ಇರಲಿಲ್ಲ. ಕೇಳಿ ಕಳಿಸಿದ ಪ್ರಶ್ನೆಗೆ ಉತ್ತರವೂ ಬರಲಿಲ್ಲ. ಬೆಂಚಿನ ವಿವರದಲ್ಲೂ ಅಷ್ಟೇ, ಎಷ್ಟು ಕಿಲೊ ತಡೆಯುತ್ತದೆ ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ, ಏರಿಸಿದಾಗ ಎತ್ತರ ಎಷ್ಟು ಎಂಬುದಿಲ್ಲ. ಬೋರಲಾಗಿ ಒರಗಿ ರೋ ಮಾಡುವವರಿಗೆ ಬೇಕಾದ ಅಂಕಿ ಅದೊಂದೇ.

ಪರಿಹಾರ ಸಿಕ್ಕಿದ್ದು ಸಾಮಿಲ್‌ನಲ್ಲಿ. 10 ಸೆಂ.ಮೀ. ಎತ್ತರದ ಗಟ್ಟಿ ಮರದ ತುಂಡುಗಳನ್ನು ಕೊಯ್ಯಿಸಿ, ಬೆಂಚಿನ ಕಾಲು ಕೂರುವಷ್ಟು ತೋಡು ಹೊಡೆಸಿ, ಕೆಳಗೆ ಹಳೆಯ ಟಯರಿನ ರಬ್ಬರ್ ಅಂಟಿಸಿದೆ. ತೋಡು ಬೇಕೇ ಬೇಕು. ಬರೀ ತುಂಡಿನ ಮೇಲೆ ಬೆಂಚು ಇಟ್ಟು ಎದೆಯ ಭಾರ ಹಾಕಿದರೆ ಯಾವ ಗಳಿಗೆಯಲ್ಲಾದರೂ ಜಾರಬಹುದು, ಕೈಯಲ್ಲಿ ಡಂಬಲ್ ಇರುತ್ತದೆ. ಜಿಮ್‌ನಲ್ಲಿ ಕೆಲವರು ಬೆಂಚಿನ ಕಾಲಡಿ ಪ್ಲೇಟು ಪೇರಿಸಿಡುವುದನ್ನು ನೋಡಿದ್ದೇನೆ, ಅದು ನಯವಾದ ಕಬ್ಬಿಣದ ಮೇಲೆ ನಯವಾದ ಕಬ್ಬಿಣ, ಖಂಡಿತ ಬೇಡ. ಪಿವಿಸಿ ಪ್ಲೇಟುಗಳನ್ನು ಮಾರಿ, ತೂಕದ ಲೆಕ್ಕದಲ್ಲಿ ಕಬ್ಬಿಣದ 2.5 ಕಿಲೊ ಪ್ಲೇಟುಗಳನ್ನು ತಂದೆ. ಒಂದೇ ದೊಡ್ಡ ಪ್ಲೇಟಿನ ಬದಲು ಸಣ್ಣವನ್ನು ಪೇರಿಸಿದರೆ ವ್ಯಾಸ ಚಿಕ್ಕದಾಗಿಯೇ ಉಳಿಯುತ್ತದೆ. ಈಗ ಕೈ ಪೂರ್ತಿ ಚಾಚಿ, ಹೆಗಲು ಮುಂದೆ ಹೋಗಿ, ಇನ್ನೂ ಮೂರು ನಾಲ್ಕು ಬೆರಳು ಜಾಗ ಉಳಿಯುತ್ತದೆ.

ಹಿಡಿತದ ಬಗ್ಗೆಯೂ ಒಂದು ಮಾತು. ಬೆನ್ನಿನ ವ್ಯಾಯಾಮಗಳಲ್ಲಿ ಸೊಂಟದ ನಂತರ ಮೊದಲು ಸೋಲುವುದು ಮುಂಗೈ. ಮಣಿಕಟ್ಟಿನಿಂದ ಹಿಡಿಗೆ ಸುತ್ತುವ ಹತ್ತಿಯ ಸಾದಾ ಸ್ಟ್ರ್ಯಾಪ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಕೊನೆಯ ಭಾರೀ ಸೆಟ್‌ಗಳಿಗೆ ಅದನ್ನು ಸುತ್ತಿಕೊಳ್ಳುತ್ತೇನೆ. ಮೊದಲ ಸೆಟ್‌ಗಳು ಬರಿಗೈಯಲ್ಲೇ, ಹಿಡಿತವೂ ಬೆಳೆಯಬೇಕಲ್ಲ. ಮೆಗ್ನೀಸಿಯಂ ಕಾರ್ಬೊನೇಟಿನ ಚಾಕ್ ಪುಡಿ ಇನ್ನೂ ಒಳ್ಳೆಯದು, ಆದರೆ ಅನೇಕ ಜಿಮ್‌ಗಳಲ್ಲಿ ನೆಲವೆಲ್ಲ ಬಿಳಿಯಾಗುತ್ತದೆ ಎಂದು ಬಿಡುವುದಿಲ್ಲ.

ರೋ ಒಂದರಿಂದಲೇ ಬೆನ್ನು ಪೂರ್ತಿಯಾಗುವುದಿಲ್ಲ, ಮೇಲಿನಿಂದ ಕೆಳಕ್ಕೆ ಎಳೆಯುವ ಒಂದು ವ್ಯಾಯಾಮ ಜೊತೆಗಿರಲೇಬೇಕು. ಇಲ್ಲಿ ಪೈಪೋಟಿ ಕಂಬಿಗೆ ತೂಗಿ ಮೈಯನ್ನು ಮೇಲೆಳೆಯುವ ಪುಲ್‌ಅಪ್ಪಿಗೂ, ಯಂತ್ರದಲ್ಲಿ ಕೂತು ಮೇಲಿನ ರಾಡನ್ನು ಕೆಳಗೆಳೆಯುವ ಲ್ಯಾಟ್ ಪುಲ್‌ಡೌನಿಗೂ. ಶುದ್ಧವಾಗಿ ಎಂಟು ಪುಲ್‌ಅಪ್ ಎಳೆಯಬಲ್ಲವರು ಪುಲ್‌ಅಪ್ಪನ್ನೇ ಮಾಡಲಿ. ಎರಡು ಮೂರಕ್ಕೇ ಕಾಲು ಒದೆಯಲು ಶುರುಮಾಡುವವರಿಗೆ ಪುಲ್‌ಡೌನ್ ಹೆಚ್ಚು ಫಲ ಕೊಡುತ್ತದೆ, ತೂಕವನ್ನು ನಿಮಗೆ ಬೇಕಾದ ಮಟ್ಟಕ್ಕೆ ಇಳಿಸಬಹುದು. ಹಿಡಿತ ಭುಜದಗಲಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ರಾಡಿನ ತುದಿ ಹಿಡಿದರೆ ವಿಂಗ್ಸ್ ಅಗಲವಾಗುತ್ತದೆ ಎಂಬ ನಂಬಿಕೆಗೆ ಹೇಳಿಕೊಳ್ಳುವಂಥ ಆಧಾರವಿಲ್ಲ, ಎಳೆಯುವ ದೂರ ಮಾತ್ರ ಕಡಿಮೆಯಾಗುತ್ತದೆ. ಕುತ್ತಿಗೆಯ ಹಿಂದಕ್ಕೆ ಎಳೆಯುವುದನ್ನು ಬಿಟ್ಟುಬಿಡಿ. ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆದ ಅಧ್ಯಯನಗಳಲ್ಲಿ ಅದರಿಂದ ಲ್ಯಾಟ್ಸ್‌ಗೆ ಹೆಚ್ಚುವರಿ ಲಾಭ ಕಂಡಿಲ್ಲ, ಭುಜದ ಕೀಲು ಮಾತ್ರ ಅನನುಕೂಲದ ಕೋನಕ್ಕೆ ಹೋಗುತ್ತದೆ. ಎದೆ ತುಸು ಎತ್ತಿ, ರಾಡನ್ನು ಕೊರಳೆಲುಬಿನ ಹತ್ತಿರ ತಂದು, ಮೇಲೆ ಬಿಡುವಾಗ ಹೆಗಲು ಕಿವಿಯ ಕಡೆ ಏರಲು ಬಿಡಿ.

ಮೈಸೂರಿನವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಗರಡಿಯಲ್ಲಿ ಸಾಮು ಮಾಡಿದ ಹಿರಿಯರ ಬೆನ್ನು ನೋಡಿ. ಹಗ್ಗ ಹತ್ತುವುದು ಮೇಲಿನಿಂದ ಎಳೆಯುವ ಕೆಲಸ, ಗುದ್ದಲಿ ಹಿಡಿದು ಮಟ್ಟಿ ಅಗೆದು ತನ್ನ ಕಡೆ ಎಳೆದುಕೊಳ್ಳುವುದು ರೋ. ಎರಡೂ ದಿಕ್ಕಿನ ಎಳೆತ ಅಲ್ಲಿ ದಿನವೂ ಇತ್ತು. ನನ್ನ ಓಣಿಯಲ್ಲಿ ಈಗಲೂ ಒಂದು ಗರಡಿ ಇದೆ, ಮಟ್ಟಿಯ ಕೆಮ್ಮಣ್ಣಿನ ವಾಸನೆ ರಸ್ತೆಗೇ ಬರುತ್ತದೆ. ಸಮಯ ಹೊಂದುವವರು ಅಲ್ಲಿಗೇ ಹೋಗಲಿ ಎಂದು ಮನಸ್ಸಿನಿಂದ ಹೇಳುತ್ತೇನೆ.

ಹಣದ ಲೆಕ್ಕ. ನಮ್ಮ ಜಿಮ್‌ನ ಫೀಸು ತಿಂಗಳಿಗೆ ಸಾವಿರದ ಆಸುಪಾಸು. ಬೆಂಚು ಸುಮಾರು 6,000, ಕಬ್ಬಿಣದ ಪ್ಲೇಟು ಮತ್ತು ಡಂಬಲ್ ರಾಡು ಸೇರಿ ಹೆಚ್ಚುಕಡಿಮೆ ಅಷ್ಟೇ ಆಯಿತು. ಅಂದರೆ ಒಂದು ವರ್ಷದ ಫೀಸು. ಪುಲ್‌ಡೌನಿಗಾಗಿ, ಕಾಲಿನ ವ್ಯಾಯಾಮಕ್ಕಾಗಿ ಜಿಮ್ ಬಿಟ್ಟಿಲ್ಲ, ಹಾಗಾಗಿ ಉಳಿತಾಯ ಅಂತ ಹೇಳಲಾರೆ. ಸಿಕ್ಕಿದ್ದು ಸಮಯ. ಕೆಲಸ ತಡವಾದ ದಿನ ಮನೆಯಲ್ಲೇ ನಾಲ್ಕು ಸೆಟ್ ಮುಗಿಯುತ್ತದೆ, ವಾರಕ್ಕೆ ಬೆನ್ನಿಗೆ ಬೇಕಾದ ಹತ್ತು ಹನ್ನೆರಡು ಸೆಟ್ ತಪ್ಪುವುದಿಲ್ಲ. ಕೈಯಲ್ಲಿ ಹಣವಿಲ್ಲದವರು ಬೆಂಚು ಕೊಳ್ಳಲೇಬೇಕೆಂದಿಲ್ಲ. ಸ್ಕ್ವಾಟ್ ರ‍್ಯಾಕಿನಲ್ಲಿ ರಾಡನ್ನು ಸೊಂಟದೆತ್ತರಕ್ಕೆ ಇಟ್ಟು ಇನ್ವರ್ಟೆಡ್ ರೋ ಮಾಡಿ. ಸೊಂಟಕ್ಕೆ ಅದೇ ನೆಮ್ಮದಿ, ಖರ್ಚು ಸೊನ್ನೆ. ಕಾಲು ಮುಂದೆ ಚಾಚಿದಷ್ಟೂ ಕಷ್ಟ ಹೆಚ್ಚು.

ಸೊಂಟ ಗಟ್ಟಿಯಿದ್ದು, ಡೆಡ್‌ಲಿಫ್ಟ್ ಮಾಡದವರು, ನಿಂತು ಓಡಾಡುವ ಕೆಲಸದವರು ರಾಡ್ ರೋ ಬಿಡಬೇಕಾಗಿಲ್ಲ. ಅವರಿಗೆ ಅದೊಂದೇ ಎರಡು ಕೆಲಸ ಮಾಡಿಕೊಡುತ್ತದೆ. ಬೆನ್ನುನೋವು ಈಗಾಗಲೇ ಇರುವವರು, ಕಾಲಿಗೆ ಜೋಮು ಅಥವಾ ಸೆಳೆತ ಇಳಿಯುವವರು ಮೊದಲು ವೈದ್ಯರನ್ನೋ ಫಿಸಿಯೊಥೆರಪಿಸ್ಟರನ್ನೋ ಕಾಣಲಿ, ರೋ ಯಾವುದು ಎಂಬುದು ಆಮೇಲಿನ ಪ್ರಶ್ನೆ.

ಬೆಂಚು ಕೊಳ್ಳುವವರು ಅಂಗಡಿಗೆ ಹೋಗುವಾಗ ಟೇಪು ಒಯ್ಯಿರಿ. ಹಲಗೆಯನ್ನು 30 ಡಿಗ್ರಿಗೆ ಏರಿಸಿ ಬೋರಲಾಗಿ ಒರಗಿ, ಎರಡೂ ಕೈ ಕೆಳಗೆ ಬಿಟ್ಟು ಮುಷ್ಟಿಯಿಂದ ನೆಲಕ್ಕೆ ಎಷ್ಟಿದೆ ಎಂದು ಜೊತೆಗಿರುವವರಿಂದ ಅಳೆಸಿ. 25 ಸೆಂ.ಮೀ. ಇದ್ದರೆ ಕಬ್ಬಿಣದ ಡಂಬಲ್ಲಿಗೆ ಧಾರಾಳ. 15ಕ್ಕಿಂತ ಕಡಿಮೆಯಿದ್ದರೆ ಬೇರೆ ಬೆಂಚು ನೋಡಿ, ಅಥವಾ ಸಾಮಿಲ್‌ನ ದಾರಿ ಹಿಡಿಯಿರಿ.